ದ್ರಾಕ್ಷಿಯ ಕಣ್ಣಿನೊಳಗೆ ಇಣುಕುವ ಜಗದೇವಿ

ಏನು ಕೆಲಸ ಮಾಡುತ್ತೀ ಎಂದು ಕೇಳಿದವರಿಗೆ ಜಗದೇವಿ ಮುಖ ನೋಡಿ ಉತ್ತರ ಕೊಡುತ್ತಾಳೆ. ಬಸ್ಸಿನಲ್ಲಿ ಪಕ್ಕ ಕುಳಿತವರಾದರೆ "ಲ್ಯಾಬಿನಾಗ ಅದೀನ್ರಿ" ಅಂದು ಕಿಟಕಿಯ ಕಡೆ ತಿರುಗುತ್ತಾಳೆ. ಮದುವೆಮನೆಯಲ್ಲಿ ಬೀಗರು ಹೆಚ್ಚು ಕೆದಕಿದರೆ ಮಾತ್ರ "ಕಣ್ಣು ತಪಾಸಣಿ ಮಾಡ್ತೀನ್ರಿ" ಎನ್ನುತ್ತಾಳೆ. ಅಷ್ಟು ಕೇಳಿದ್ದೇ ತಡ, ಅವರು ಚಾಳೀಸು ತೆಗೆದು "ನನ್ನ ಎಡಗಣ್ಣು ಮಂಜಾಗ್ಯಾದ, ಸ್ವಲ್ಪ ನೋಡವ್ವ" ಎಂದು ಮುಖ ಮುಂದೆ ಮಾಡುತ್ತಾರೆ. ಜಗದೇವಿ ಬೇಡವೆನ್ನದೆ ನೋಡುತ್ತಾಳೆ. "ಮಾಸ್ಯಾದರಿ, ಡಾಕ್ಟರಿಗಿ ತೋರ್ಸ್ರಿ" ಎಂದೂ ಹೇಳುತ್ತಾಳೆ. ಅದು ಬಹಳ ಸಲ ನಿಜವೂ ಆಗಿರುತ್ತದೆ.

ಅವಳು ಸಂಬಳಕ್ಕೆ ನೋಡುವುದು ದ್ರಾಕ್ಷಿಯ ಕಣ್ಣು. ನಾಸಿಕದ ಸುತ್ತ ದ್ರಾಕ್ಷಿ ಬೆಳೆಯುವವರು ಕಡ್ಡಿಯ ಮೇಲಿನ ಮೊಗ್ಗಿಗೆ ಕಣ್ಣು ಎನ್ನುತ್ತಾರೆ. ಮುಂದಿನ ಬೆಳೆಯ ಗೊನೆ ಅದರೊಳಗೆ ತಿಂಗಳುಗಳ ಮೊದಲೇ ಮೂಡಿ ಮುದುಡಿ ಮಲಗಿರುತ್ತದೆ. ಆದರೆ ಎಲ್ಲ ಕಣ್ಣಿನಲ್ಲೂ ಇರುವುದಿಲ್ಲ. ಕೆಲವುಗಳಲ್ಲಿ ಬರೀ ಎಲೆ, ಕೆಲವುಗಳಲ್ಲಿ ಚಪ್ಪರ ಹಿಡಿಯುವ ಸುರುಳಿ ಕುಡಿ. ಅಕ್ಟೋಬರ್ ಚಾಟಣಿಯಲ್ಲಿ, ಅಂದರೆ ಕಡ್ಡಿ ಕತ್ತರಿಸುವ ಹಂಗಾಮಿನಲ್ಲಿ, ತಪ್ಪು ಜಾಗಕ್ಕೆ ಕತ್ತರಿ ಬಿದ್ದರೆ ಆ ವರ್ಷ ತೋಟದ ತುಂಬ ಸೊಪ್ಪೇ ಸೊಪ್ಪು. ಅದಕ್ಕೇ ಶ್ರಾವಣ ಹತ್ತಿರವಾದಂತೆ ರೈತರು ಒದ್ದೆ ಚೀಲದಲ್ಲಿ ಕಡ್ಡಿಗಳನ್ನು ಸುತ್ತಿಕೊಂಡು ಜಗದೇವಿಯ ಲ್ಯಾಬಿನ ಮುಂದೆ ಕೂಡುತ್ತಾರೆ. ಅವಳು ಒಂದೊಂದೇ ಕಣ್ಣನ್ನು ಬ್ಲೇಡಿನಿಂದ ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, "ಇದರಾಗ ಅದ, ಇದರಾಗ ಇಲ್ಲ" ಎಂದು ಹೇಳುತ್ತಾಳೆ.

ಆಳಂದ ಕಡೆಯಿಂದ ದುಡಿಯಲು ಬಂದು ಸಂಭಾಜಿನಗರದಲ್ಲಿ ನೆಲೆನಿಂತ ಗೌಂಡಿ ಚಂದ್ರಾಮಪ್ಪನ ಮಗಳು ಅವಳು. ಶೇಂದ್ರಾದ ಎಷ್ಟೋ ಕಾರ್ಖಾನೆಗಳ ಗೋಡೆ ಅವಳ ಅಪ್ಪ ಎತ್ತಿದ್ದು. ಮರಾಠಿ ಶಾಲೆಯಲ್ಲಿ ಓದಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಅರ್ಧ ಮಾಡಿ, ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸವಿದ್ದ ಶಾಂತಕುಮಾರನನ್ನು ಮದುವೆಯಾಗಿ ನಾಸಿಕಕ್ಕೆ ಬಂದಳು. ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಸೋಮವಾರದ ಭಜನೆಗೆ ನಾವು ಒಂದಿಷ್ಟು ಹೆಂಗಸರು ಕೂಡುತ್ತೇವೆ. ಜಗದೇವಿಯ ದನಿ ಅಷ್ಟಕ್ಕಷ್ಟೆ, ತಾಳ ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ. ಈ ಸಂಗತಿಯನ್ನು ನನಗೆ ಹೇಳಿದ್ದು ಅಲ್ಲಿಯೇ, ಪ್ರಸಾದದ ಅವಲಕ್ಕಿ ಹಂಚುತ್ತ ಹಂಚುತ್ತ.

ಕಣ್ಣು ಸೀಳುವ ಕೆಲಸದಲ್ಲಿ ಒಂದೇ ಒಂದು ತೊಂದರೆ. ಸೀಳಿದ ಕಣ್ಣು ಮತ್ತೆ ಚಿಗುರುವುದಿಲ್ಲ. ತೋಟದ ತುಂಬ ಕಡ್ಡಿ ಇದ್ದವರಿಗೆ ಹತ್ತಾರು ಕಣ್ಣು ಹೋದರೆ ಲೆಕ್ಕವಿಲ್ಲ. ಎಣಿಸಿದಷ್ಟೇ ಇದ್ದವರು ಏನು ಮಾಡಬೇಕು?

ಅಂಥವರಿಗೆಂದೇ ಕಳೆದ ವರ್ಷ ಲ್ಯಾಬಿಗೆ ಒಂದು ಹೊಸ ಯಂತ್ರ ಬಂತು. ತಂದವಳು ಅಶ್ವಿನಿ. ಸಂಭಾಜಿನಗರದಲ್ಲಿ ಬೆಳೆದ ಹುಡುಗಿ, ಬೆಳಕಿನ ವಿಷಯದಲ್ಲಿ ಡಾಕ್ಟರೇಟು ಮಾಡಿದವಳು. ತಂದೆತಾಯಿ ಬೀದರಿನವರು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತಾಳೆ. ಅವಳೂ ಅವಳ ಗೆಳೆಯರೂ ಕೂಡಿ ಕಟ್ಟಿದ ಸೂಕ್ಷ್ಮದರ್ಶಕ ಅದು. ಮೊಗ್ಗನ್ನು ಸೀಳದೆ ಅದರ ಆಳದ ಜೀವಕೋಶಗಳನ್ನು ಪರದೆಯ ಮೇಲೆ ತೋರಿಸಬೇಕು ಎಂಬುದು ಅವರ ಹಟ.

"ಅಕ್ಕಾ, ಮಳೆಗಾಲದಾಗ ಇಗತಪುರಿ ಘಾಟ್ ಹತ್ತಿದ್ದೀರಿ ನಾ?" ಎಂದು ಅಶ್ವಿನಿ ಮೊದಲ ದಿನ ಕೇಳಿದಳು.

"ಹತ್ತೀನಿ. ಡ್ರೈವರ್ ದೊಡ್ಡ ಲೈಟ್ ಹಾಕಿದ. ಎದುರಿಗಿ ಬೆಳ್ಳಗ ಗೋಡಿ ನಿಂತಂಗಾಯ್ತು. ನಾ ಕಣ್ಣು ಮುಚ್ಚಿ ಶಿವಾ ಶಿವಾ ಅಂದೆ."

"ಬಸ್, ತೇಚ್! ಅದೇ ಅದು! ಮೊಗ್ಗಿನ ಒಳಗೂ ಹಂಗೇ. ಲೈಟ್ ಒಳಗ ಹೋಗ್ತದ, ಆದ್ರೆ ಸೀದಾ ಹೋಗಲ್ಲ. ಪ್ರತಿ ಕೋಶಕ್ಕೂ ಡಿಕ್ಕಿ ಹೊಡೆದು ಚೆದುರಿ ಹೋಗ್ತದ. ಅದಕ್ಕೇ ಮೇಲಿಂದ ನೋಡಿದ್ರೆ ಬರೀ ಮಂಜು. ನಮ್ಮ ಮಶೀನ್ ಕಣ್ಣಿಗೆ ಕಾಣದ ಕೆಂಪಿನಾಚೆ ಲೈಟ್ ಬಿಡ್ತದ, ಅದು ಕಮ್ಮಿ ಚೆದುರ್ತದ. ವಾಪಸ್ ಬಂದದ್ರಾಗೂ ಸೀದಾ ಹೋಗಿ ಸೀದಾ ಬಂದ ಲೈಟ್ ಅಷ್ಟೇ ಆರಿಸ್ತದ. ಅಡ್ಡಾಡಿ ಬಂದದ್ದು ರಿಜೆಕ್ಟ್."

ಜಗದೇವಿ ಸ್ವಲ್ಪ ಯೋಚಿಸಿದಳು. "ಅಂದ್ರ ಕೆಲಸ ಮುಗಿಸಿ ಸೀದಾ ಮನಿಗಿ ಬಂದವರನ್ನಷ್ಟ ಒಳಗ ಬಿಡ್ತದ. ಬಜಾರದಾಗ ಸುತ್ತಾಡಿ ಬಂದವರಿಗಿ ಬಾಗಲಾ ಮುಚ್ಚತದ."

"ಅಕ್ಕಾ! ನಾನು ಇದನ್ನೇ ಪ್ರೆಸೆಂಟೇಶನ್‌ನಾಗ ಹೇಳ್ತೀನಿ."

"ಹೇಳು. ಖರೆ ನಮ್ಮ ಅತ್ತಿ ಹೆಸರು ಹಾಕು. ಅಕಿ ಹಂಗೇ ಇದ್ಲು."

ಆಷಾಢದಲ್ಲಿ ಯಂತ್ರದ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಮೊಗ್ಗಿನ ಹೊರಗಿನ ಕಂದು ಪದರಗಳನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿ, ಒಳಗಿನ ಹತ್ತಿಯಂಥ ಕೂದಲನ್ನು ಸರಿಸಿ, ಒಂದು ಹನಿ ನೀರು ಇಟ್ಟು ಮಸೂರದ ಕೆಳಗೆ ತರಬೇಕು. ಇಷ್ಟಕ್ಕೆ ಮೊಗ್ಗು ಸಾಯುವುದಿಲ್ಲ. ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಇಳಿಯುತ್ತ ಹೋದರೆ, ಒಂದು ಮಿಲಿಮೀಟರಿನ ಆಳದಲ್ಲಿ ಕೋಶಗಳು ನೆನೆಸಿಟ್ಟ ಅಕ್ಕಿಯಂತೆ ಒತ್ತೊತ್ತಾಗಿ ಕಾಣುತ್ತಿದ್ದವು. ಯಂತ್ರ ನೋಡಿದ ಮೊಗ್ಗನ್ನೇ ಆಮೇಲೆ ಜಗದೇವಿ ಸೀಳಿ ತಾಳೆ ನೋಡುತ್ತಿದ್ದಳು. ಯಂತ್ರ ಹೇಳಿದ್ದೂ ಬ್ಲೇಡು ಹೇಳಿದ್ದೂ ಒಂದೇ ಆಗುತ್ತಿತ್ತು. ಆಗೆಲ್ಲ ಮೊಗ್ಗು ಬಿಡಿಸುತ್ತಿದ್ದವಳು ಅಶ್ವಿನಿಯೇ. ಶ್ರಾವಣ ಬಂದಾಗ ಆ ಕೆಲಸ ಜಗದೇವಿಯ ಕೈಗೆ ಬಂತು. ಅವಳ ಸೂಜಿ ಹೆಚ್ಚು ನಯ ಎಂದು ಅಶ್ವಿನಿಯೇ ಬಿಟ್ಟುಕೊಟ್ಟಿದ್ದಳು.

ಅದೇ ವಾರ ಗೊಲ್ಲಾಳಪ್ಪ ಮತ್ತು ಅವರ ಹೆಂಡತಿ ರುಕ್ಮಿಣಿಬಾಯಿ ಬಂದರು.

ಗೊಲ್ಲಾಳಪ್ಪ ಇಂಡಿ ತಾಲ್ಲೂಕಿನವರು. ಹರೆಯದಲ್ಲಿ ದ್ರಾಕ್ಷಿ ಕಸಿ ಕಟ್ಟುವ ಗುಂಪಿನ ಜೊತೆ ಊರೂರು ತಿರುಗಿ, ಕೊನೆಗೆ ಓಝರ್ ದಾಟಿ ದಿಂಡೋರಿ ಕಡೆ ಒಂದು ತುಂಡು ಹೊಲ ಮಾಡಿಕೊಂಡವರು. ಆ ಹೊಲದಲ್ಲಿ ಇದ್ದದ್ದು ಹಳೆಯ ಹಸಿರು ದ್ರಾಕ್ಷಿ. ಬಳ್ಳಿಗಳಿಗೆ ವಯಸ್ಸಾಗಿತ್ತು, ಇಳುವರಿ ಇರಲಿಲ್ಲ. ಎರಡು ವರ್ಷದ ಹಿಂದೆ ಕೊನೆಯ ಸಾಲಿನ ಒಂದು ಬಳ್ಳಿಯ ಒಂದೇ ಕೊಂಬೆಯಲ್ಲಿ ಉದ್ದುದ್ದ, ನೇರಳೆ ಬಣ್ಣದ ಹಣ್ಣು ಬಿಟ್ಟಿತು. ಉಳಿದೆಲ್ಲ ಹಣ್ಣು ಮುಗಿದ ಮೇಲೆ ಅದು ಮಾಗಿತು. ಹೀಗೆ ತನ್ನಷ್ಟಕ್ಕೆ ತಾನೇ ಬೇರೆಯಾಗಿ ಹುಟ್ಟಿದ ಕೊಂಬೆಯಿಂದ ಹೊಸ ತಳಿ ಎಬ್ಬಿಸಿದವರಿದ್ದಾರೆ ಎಂಬುದು ಗೊಲ್ಲಾಳಪ್ಪನವರಿಗೆ ಗೊತ್ತು. ಮರುವರ್ಷಕ್ಕೆ ಕಾದರು. ಅಕಾಲ ಮಳೆ ಬಿದ್ದು ಆ ಕೊಂಬೆಯಲ್ಲಿ ಒಂದೂ ಗೊನೆ ಬರಲಿಲ್ಲ.

ಆ ಒಂದು ಬಳ್ಳಿಗಾಗಿ ಅವರು ಇಡೀ ಹೊಲವನ್ನು ಕೀಳಿಸದೆ ಉಳಿಸಿಕೊಂಡಿದ್ದರು. ರುಕ್ಮಿಣಿಬಾಯಿಗೆ ಅಲ್ಲಿ ಟೊಮ್ಯಾಟೊ ಹಚ್ಚಬೇಕಿತ್ತು.

"ಒಂದ್ ಸಲ ಹಣ್ಣು ತೋರ್ಸಿ ವರ್ಷಗಟ್ಲೆ ಎಲಿ ಅಲ್ಲಾಡಸ್ತೈತ್ರಿ" ಎಂದು ರುಕ್ಮಿಣಿಬಾಯಿ ಲ್ಯಾಬಿನ ಬೆಂಚಿನ ಮೇಲೆ ಕೂರುತ್ತಲೇ ದೂರು ತೆಗೆದರು. "ಹಿಂಗ್ ಆಸೆ ತೋರ್ಸೂದಕ್ಕ ಮನ್ಯಾಗ ಒಬ್ರು ಅದಾರ. ಹೊಲದಾಗೂ ಯಾಕ ಬೇಕು?"

"ನೋಡ್ ತಂಗಿ" ಎಂದರು ಗೊಲ್ಲಾಳಪ್ಪ, ಹೆಂಡತಿಯ ಮಾತು ಕಿವಿಗೆ ಬೀಳದವರಂತೆ. "ನಮ್ಮಿಬ್ಬರದೂ ಕರಾರ್ ಆಗೈತಿ. ಈ ಕಣ್ಣಿನ್ಯಾಗ ಗೊನಿ ಐತಿ ಅಂತ ನೀ ಹೇಳಿದ್ರ ಬಳ್ಳಿ ಇಡೂದು. ಇಲ್ಲಂದ್ರ ಕೀಳೂದು. ನಾ ಎದುರು ಮಾತಾಡಂಗಿಲ್ಲ. ಆದ್ರ ಬ್ಲೇಡ್ ಹಚ್ಚಬ್ಯಾಡ. ಬಳ್ಳಿ ಮ್ಯಾಲ ಉಳಿದ ಒಂದ್ ಕಡ್ಡಿ ಬಿಟ್ರ ಈ ಕೊಂಬಿ ಬೆಳೆಸಿದ್ದ ಇಷ್ಟು. ಒಂದೊಂದು ಕಣ್ಣೂ ನನಗ ಒಂದೊಂದು ಗಿಡ."

ಒದ್ದೆ ಚೀಲ ಬಿಚ್ಚಿ ಕಡ್ಡಿಯನ್ನು ಎರಡೂ ಕೈಯಲ್ಲಿ ಕೊಟ್ಟರು. ಹೊಸ ಯಂತ್ರಕ್ಕೆ ಬಂದ ಮೊದಲ ನಿಜವಾದ ಗಿರಾಕಿ ಅವರು.

ಮರುದಿನ ಬೆಳಿಗ್ಗೆ ಜಗದೇವಿ ಪೂಜೆ ಮುಗಿಸಿ ಬಂದವಳೇ ಕೂತಳು. ಬಗ್ಗಿ, ಉಸಿರು ಬಿಗಿ ಹಿಡಿದು, ಒಂದೊಂದೇ ಕಣ್ಣಿನ ಪದರ ಬಿಡಿಸಿ ನೀರಿನ ಹನಿ ಇಟ್ಟಳು. ಅಶ್ವಿನಿ ಪರದೆ ನೋಡಿದಳು. ಮೊಗ್ಗಿನ ಮೇಲ್ಭಾಗದಲ್ಲಿ ಉಪ್ಪು ಚೆಲ್ಲಿದಂತೆ ಹೊಳೆಯುವ ಕಾಳುಗಳು. ಅವುಗಳ ಕೆಳಗೆ ಆಳದವರೆಗೂ ಕಪ್ಪು. ನೆನೆಸಿಟ್ಟ ಅಕ್ಕಿಯಂಥ ಕೋಶಗಳು ಅಂಚಿನಲ್ಲಿ ಮಾತ್ರ ಚೂರುಚೂರು ಕಂಡವು, ನಡುವೆ ಏನೂ ಇಲ್ಲ.

"ಹೊಳೆಯೋದು ಸ್ಫಟಿಕ" ಎಂದಳು ಅಶ್ವಿನಿ. "ದ್ರಾಕ್ಷಿಯ ಕೋಶದಾಗ ಅಂಥವು ಇರ್ತಾವ, ನಾನು ಓದೀನಿ. ಕೆಳಗೆ ಕಪ್ಪು ಅಂದ್ರೆ..." ಅವಳ ದನಿ ಇಳಿಯಿತು. "ನಡುವಿನ ಮೊಗ್ಗು ಸತ್ತಿದೆ ಅಕ್ಕಾ."

ಒಳಮೊಗ್ಗು ಹೀಗೆ ಕರಕಲಾಗಿ ಸಾಯುವ ರೋಗ ಉಂಟು. ಜಗದೇವಿ ಬ್ಲೇಡಿನ ಕೆಳಗೆ ಅದನ್ನು ಬೇಕಾದಷ್ಟು ಕಂಡಿದ್ದಳು. ಎರಡನೆಯ ಕಣ್ಣು ನೋಡಿದರು, ಮೂರನೆಯದು ನೋಡಿದರು. ಎಲ್ಲೆಲ್ಲೂ ಮೇಲೆ ಹೊಳಪು, ಕೆಳಗೆ ಕಪ್ಪು. ಯಂತ್ರವೇ ಕೆಟ್ಟಿತೋ ಎಂದು, ಅಶ್ವಿನಿ ಹಿಂದಿನ ವಾರ ತಾನು ಬಿಡಿಸಿಟ್ಟಿದ್ದ ಬೇರೆ ಮೊಗ್ಗನ್ನು ಇಟ್ಟು ನೋಡಿದಳು. ಅದು ಸ್ವಚ್ಛವಾಗಿ ಕಂಡಿತು. ಹಾಗಾದರೆ ಯಂತ್ರ ಸರಿಯಿದೆ, ಕಡ್ಡಿ ಸತ್ತಿದೆ.

ಗಂಡ ಹೆಂಡತಿ ಶುಕ್ರವಾರ ಬಂದರು. ಜಗದೇವಿ ನಿಂತೇ ಹೇಳಿದಳು: "ಒಳಗ ಕಪ್ಪಾಗ್ಯಾವರಿ ಕಾಕಾ."

"ಎಲ್ಲಾವೂ?"

"ಎಲ್ಲಾವೂ ಹಂಗೇ ಕಾಣ್ತಾವ. ಒಂದಾದ್ರೂ ಕೊಯ್ದು ನೋಡ್ಲೇನ್ರಿ?"

ಗೊಲ್ಲಾಳಪ್ಪ ತಲೆ ಅಲ್ಲಾಡಿಸಿದರು. "ಸತ್ತದ್ದನ್ನ ಮತ್ತ ಯಾಕ ಕೊಯ್ತಿ ತಂಗಿ. ಬ್ಯಾಡ." ಕಡ್ಡಿಯನ್ನು ಮತ್ತೆ ಚೀಲದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರನಡೆದರು.

ಗೆದ್ದ ರುಕ್ಮಿಣಿಬಾಯಿ ಯಾಕೋ ಗೆದ್ದವರಂತೆ ಕಾಣಲಿಲ್ಲ. ಬಾಗಿಲ ಹತ್ತಿರ ನಿಂತು, "ಆಯ್ತವಾರ ಮುಂಜಾನಿ ಟ್ರ್ಯಾಕ್ಟರ್ ಹೇಳೀನಿ" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ ಹೋದರು.

ಜಗದೇವಿಗೆ ಆ ಶನಿವಾರ ತವರಿಗೆ ಹೋಗುವುದಿತ್ತು. ಯೇವಲಾ, ವೈಜಾಪುರದ ಮೇಲೆ ಹೋಗುವ ಕೆಂಪು ಬಸ್ಸು. ಇಡೀ ದಾರಿ ಅವಳ ಪಕ್ಕದ ಮುದುಕಿ ತನ್ನ ಸೊಸೆಯ ಪುರಾಣ ಹೇಳಿದಳಂತೆ, ಇವಳು ಹೂಂಗುಟ್ಟಿದಳಂತೆ. "ಏನ್ ಹೇಳಿದ್ಲು ಕೇಳಬ್ಯಾಡ್ರಿ ಅಕ್ಕಾ, ನನಗ ಆ ಕಾಕಾನ ಕಂಕುಳ ಒಂದೇ ಕಾಣ್ಲಾಕತ್ತಿತ್ತು" ಎಂದಳು ನನಗೆ.

ಭಾನುವಾರ ಬೆಳಿಗ್ಗೆ ಸಂಭಾಜಿನಗರದ ಮನೆಯ ಅಂಗಳದಲ್ಲಿ ಎಳೆಬಿಸಿಲು ಬಿದ್ದಿತ್ತು. ಚಂದ್ರಾಮಪ್ಪನಿಗೆ ಈಗ ಗೋಡೆ ಕಟ್ಟುವ ಕೆಲಸವಿಲ್ಲ. ಸ್ನಾನ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಸಾವಕಾಶದ ಪೂಜೆ, ಆಮೇಲೆ ಸೈಕಲ್ಲು ಹತ್ತಿ ಬಜಾರು. ಶ್ರಾವಣದಲ್ಲಂತೂ ಊರಿನಿಂದ ತರಿಸಿದ ವಿಭೂತಿ ಗಟ್ಟಿಯನ್ನು ತೇಯ್ದು, ಹಣೆಯ ಮೇಲೆ ಮೂರು ಬೆರಳಿನ ಪಟ್ಟೆ ದಪ್ಪಗೆ ಎಳೆಯುತ್ತಾನೆ. ಜಗದೇವಿಗೂ ಆ ರೂಢಿ ಅವನಿಂದಲೇ ಬಂದದ್ದು. ಬೇರೆ ತಿಂಗಳಲ್ಲಿ ಒಂದು ತೆಳು ಗೆರೆ, ಶ್ರಾವಣದಲ್ಲಿ ಹಣೆ ತುಂಬ. ನಾಸಿಕಕ್ಕೂ ಅದೇ ಗಟ್ಟಿಯ ಅರ್ಧ ಹೋಗುತ್ತದೆ.

ಅಂದು ಸೈಕಲ್ಲಿನ ಗಾಲಿ ಮೆತ್ತಗಾಗಿತ್ತು. ಚಂದ್ರಾಮಪ್ಪ ಸ್ಟೀಲಿನ ಪರಾತದಲ್ಲಿ ನೀರು ತುಂಬಿ, ಟ್ಯೂಬನ್ನು ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಬಗ್ಗಿ ಹುಡುಕುತ್ತಿದ್ದ. ಜಗದೇವಿ ಚಹಾ ಹಿಡಿದು ಪಕ್ಕ ನಿಂತಳು. ಅಪ್ಪನ ಹಣೆಯ ಒಣಗಿದ ಪಟ್ಟೆಯಿಂದ ಒಂದು ಚಕ್ಕೆ ಉದುರಿ ನೀರಿನ ಮೇಲೆ ತೇಲಿತು. ಆಮೇಲೆ ಇನ್ನೊಂದು. ಬಿಸಿಲಲ್ಲಿ ಅವು ಉಪ್ಪಿನಂತೆ ಹೊಳೆದವು.

ಜಗದೇವಿಯ ಕಣ್ಣು ನೀರಿನ ತಳಕ್ಕೆ ಇಳಿಯಿತು. ಪರಾತದ ಹೊಳೆಯುವ ತಳದಲ್ಲಿ ಒಂದೊಂದು ಚಕ್ಕೆಗೆ ಒಂದೊಂದು ಕಪ್ಪು ಮಚ್ಚೆ. ಮೇಲಿನ ಚಕ್ಕೆಗಿಂತ ಕೆಳಗಿನ ಮಚ್ಚೆಯೇ ದೊಡ್ಡದು. ತಳವನ್ನಷ್ಟೇ ನೋಡಿದವರು ಪರಾತ ಸುಟ್ಟು ಕರಕಲಾಗಿದೆ ಎಂದೇ ಹೇಳುತ್ತಿದ್ದರು.

"ಅಪ್ಪಾ, ಇನ್ನೊಮ್ಮಿ ಬಗ್ಗು."

"ಬಗ್ಗೇ ಇದ್ದೀನಲ್ಲ."

"ಇನ್ನಷ್ಟು ಬಗ್ಗು. ಹಣಿ ಸ್ವಲ್ಪ ಅಲ್ಲಾಡಸು."

"ಯಾಕವ್ವ, ದೇವರು ಬಂದಂಗ ಮಾಡ್ಲೇನು?"

"ಮಾಡಪ್ಪಾ!"

ಚಂದ್ರಾಮಪ್ಪ ತಲೆ ಅಲ್ಲಾಡಿಸಿದ. ವಿಭೂತಿ ಉದುರಿತು, ತಳದಲ್ಲಿ ಕಪ್ಪು ಮಚ್ಚೆಗಳು ಕೂಡಿಕೊಂಡವು. ಒಳಗಿನಿಂದ ಅವಳ ತಾಯಿ ಚನಬಸವ್ವ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಮುದುಕಗ ಯಾಕ ಕವಾಯತ್ ಮಾಡಸ್ಲಾಕತ್ತಿ? ಟ್ಯೂಬಿನ ಗಾಳಿ ಹೋಗ್ಯಾದೋ, ಇವರ ತಲಿಯಾಗಿಂದು ಹೋಗ್ಯಾದೋ?"

ಜಗದೇವಿಗೆ ಅದೊಂದೂ ಕೇಳಿಸಲಿಲ್ಲ. ಆ ಗುರುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಅವಳು ಕಡ್ಡಿಯ ಮೇಲೆ ಎಷ್ಟು ಹೊತ್ತು ಬಗ್ಗಿದ್ದಳು! ಹಣೆಯ ಪಟ್ಟೆ ಆಗಷ್ಟೇ ಒಣಗಿತ್ತು. ಸ್ಫಟಿಕ ಎಂದುಕೊಂಡದ್ದು ಅವಳ ವಿಭೂತಿ. ಯಂತ್ರದ ಬೆಳಕು ಮೊಗ್ಗಿಗೆ ಇಳಿಯುವ ಮೊದಲೇ ಆ ಚಕ್ಕೆಗಳಿಗೆ ಬಡಿದು ಹಿಂದಿರುಗಿತ್ತು. ಕೆಳಗಿನ ಕಪ್ಪು ಬರೀ ನೆರಳು.

ಚಹಾ ಲೋಟ ಅಪ್ಪನ ಕೈಗೆ ಕೊಟ್ಟು ಫೋನು ತೆಗೆದಳು. ಗೊಲ್ಲಾಳಪ್ಪನವರ ನಂಬರಿಗೆ ಹಚ್ಚಿದಳು. ಎತ್ತಿದವರು ರುಕ್ಮಿಣಿಬಾಯಿ.

"ಕಾಕಿ, ಟ್ರ್ಯಾಕ್ಟರ್ ಬಂತೇನ್ರಿ?"

"ಬಂದೈತಿ. ಇವ್ರು ಹೊಲದಾಗ ಅದಾರ, ಫೋನ್ ಮನ್ಯಾಗ ಬಿಟ್ಟ ಹೋಗ್ಯಾರ. ಯಾಕ?"

"ನಿಂದ್ರಸ್ರಿ! ಬಳ್ಳಿ ಕೀಳಬ್ಯಾಡ್ರಿ!"

"ಅಯ್ಯ, ನೀನ ಸತ್ತೈತಿ ಅಂದಿ."

"ತಪ್ಪಾಗ್ಯಾದರಿ ಕಾಕಿ. ನನ್ನ ಹಣಿ ಮ್ಯಾಲಿನ ವಿಭೂತಿ ಉದುರಿ ಕಣ್ಣಿನ ಮ್ಯಾಲ ಬಿದ್ದಾದ. ಅದರ ನೆರಳು ನೋಡಿ ಕಪ್ಪು ಅಂದೀನಿ."

ಫೋನಿನಲ್ಲಿ ದೂರದ ಟ್ರ್ಯಾಕ್ಟರ್ ಗುರುಗುಡುವುದು ಕೇಳುತ್ತಿತ್ತು. "ಹಂಗಾದ್ರ ಜೀವ ಐತೇನು?"

ಜಗದೇವಿಗೆ ಹೂಂ ಎಂದುಬಿಡುವ ಆಸೆಯಾಯಿತು. ಹೂಂ ಎಂದರೆ ಅವರು ಓಡುತ್ತಾರೆ. ಆದರೆ ನೋಡದ್ದನ್ನು ಹೇಗೆ ಹೇಳುವುದು? "ಐತಿ ಅಂತ ನಾ ಹೇಳಂಗಿಲ್ಲರಿ. ಇಲ್ಲ ಅಂತ ಹೇಳಿದ್ದು ತಪ್ಪು ಅಂತ ಅಷ್ಟೇ ಹೇಳ್ತೀನಿ. ಇನ್ನೊಮ್ಮಿ ನೋಡಬೇಕು."

"ಟೊಮ್ಯಾಟೊ ಸಸಿ ನಾಳಿಗಿ ಬರ್ತಾವ" ಎಂದರು ರುಕ್ಮಿಣಿಬಾಯಿ. "ಟ್ರ್ಯಾಕ್ಟರ್ ನಾನ ತರಿಸೀನಿ. ಈಗ ನಾನ ಹೋಗಿ ಬ್ಯಾಡ ಅಂದ್ರ ಇವ್ರು ಊರ ಮುಂದ ಹೇಳಿ ನಗ್ತಾರ."

"ಕಾಕಿ..."

"ಇಡು ಫೋನ್. ಮಾತಾಡ್ಕೋತ ಓಡಾಕ ಬರಂಗಿಲ್ಲ ನನಗ."

ಮುಂದಿನದನ್ನು ಜಗದೇವಿ ಕಂಡಿಲ್ಲ, ಆಮೇಲೆ ಕೇಳಿದ್ದು. ಟ್ರ್ಯಾಕ್ಟರಿನವನು ಆಗಲೇ ಮುಂದಿನ ಸಾಲುಗಳನ್ನು ಸರಪಳಿ ಕಟ್ಟಿ ಕಿತ್ತು ಹಾಕಿದ್ದ. ಗೊಲ್ಲಾಳಪ್ಪ ಕೊನೆಯ ಸಾಲಿನ ಕಡೆ ಬೆನ್ನು ಮಾಡಿ, ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ರುಕ್ಮಿಣಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ದಾರಿಯಲ್ಲೇ ಬಿಟ್ಟು, ಕಿತ್ತ ಬಳ್ಳಿಗಳ ಮೇಲೆ ಹಾಯ್ದು ಬಂದು ಆ ಬಳ್ಳಿಯ ಮುಂದೆ ನಿಂತರು. ಮೇಲೆ ಓಝರಿನ ವಿಮಾನವೊಂದು ಗುಡುಗುತ್ತ ಹೋಯಿತು, ಅವರು ಕೂಗಿದ್ದು ಯಾರಿಗೂ ಕೇಳಲಿಲ್ಲ. ಟ್ರ್ಯಾಕ್ಟರಿನವನಿಗೆ ಕಂಡದ್ದು ಎರಡೂ ಕೈ ಚಾಚಿ ನಿಂತ ಹೆಂಗಸು. ಗಾಡಿ ನಿಲ್ಲಿಸಿದ.

"ಏನಾತು?" ಎಂದು ಗೊಲ್ಲಾಳಪ್ಪ ಎದ್ದು ಬಂದರು.

"ಆ ಲ್ಯಾಬಿನ ಹುಡುಗಿ ಇನ್ನೊಮ್ಮಿ ನೋಡ್ತಾಳಂತ. ಕಡ್ಡಿ ಎಲ್ಲಿ ಒಗದ್ರಿ?"

ಗೊಲ್ಲಾಳಪ್ಪ ಬಾಯಿಯ ಎಲೆ ಅಡಿಕೆ ಉಗುಳಲು ಆ ಕಡೆ ತಿರುಗಿದರು.

"ನನಗ ಗೊತ್ತೈತಿ ತಗೀರಿ. ಬಾವಿ ಹತ್ರ ಹಸಿ ಉಸುಕಿನ್ಯಾಗ ಹುಗದ್ ಇಟ್ಟೀರಿ. ನಿನ್ನೆ ನೀರ ಹಾಕೂದು ನೋಡೀನಿ ನಾನು."

ಸೋಮವಾರ ಮಧ್ಯಾಹ್ನ ಕಡ್ಡಿ ಮತ್ತೆ ಲ್ಯಾಬಿನ ಮೇಜಿನ ಮೇಲಿತ್ತು. ಅದನ್ನು ಮುಟ್ಟುವ ಮೊದಲು ಜಗದೇವಿ ಅಶ್ವಿನಿಗೆ ಎಲ್ಲ ಹೇಳಿದಳು. ಹೇಳುವಾಗ ಅವಳಿಗೆ ಒಂದು ಅಂಜಿಕೆ. ಇನ್ನು ವಿಭೂತಿ ಹಚ್ಚಿಕೊಂಡು ಬರಬೇಡ ಎಂದರೆ? ಮದುವೆಯಾದ ಮೇಲೂ, ಹೆರಿಗೆಯ ಮರುದಿನವೂ ಅವಳು ಹಣೆ ಬರಿದು ಬಿಟ್ಟವಳಲ್ಲ.

ಅಶ್ವಿನಿ ಒಂದು ಬೇಡದ ಮೊಗ್ಗು ತೆಗೆದುಕೊಂಡಳು. "ಅಕ್ಕಾ, ಹಣೆ ಸ್ವಲ್ಪ ಉಜ್ಜಿ" ಎಂದಳು. ಜಗದೇವಿ ಬೆರಳಿನಿಂದ ಉಜ್ಜಿ ಒಂದು ಚಿಟಿಕೆ ಪುಡಿ ಅದರ ಮೇಲೆ ಉದುರಿಸಿದಳು. ಪರದೆಯ ಮೇಲೆ ಮೊನ್ನೆಯದೇ ಚಿತ್ರ ಬಂತು. ಮೇಲೆ ಹೊಳೆಯುವ ಉಪ್ಪು, ಕೆಳಗೆ ಕಪ್ಪು.

ಅಶ್ವಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಆಯಿಶಪ್ಪತ್! ಸ್ಫಟಿಕ ಅಂತ ಎಷ್ಟು ಜಂಬದಾಗ ಹೇಳ್ದೆ ನಾನು! ಓದಿದ್ದು ಓದಿದ್ದು ಅಂತ."

"ಉದುರಿಸಿದ್ದು ನಾನಲ್ಲೇನು?"

"ನೋಡಿದ್ದು ಇಬ್ಬರೂ ನಾ?" ಎಂದ ಅಶ್ವಿನಿ ಬ್ಯಾಗಿನಿಂದ ಆಪರೇಶನ್ ಥಿಯೇಟರಿನಲ್ಲಿ ಹಾಕುವಂಥ ಹಸಿರು ಟೊಪ್ಪಿಗೆ ತೆಗೆದಳು. "ಹುಬ್ಬಿನವರೆಗೂ ಎಳೆದು ಹಾಕ್ರಿ. ಒಳಗೆ ವಿಭೂತಿ ಇರಲಿ. ಬಿಡ್ರಿ ಅಂತ ನಾನು ಹೇಳಿದ್ರೆ ನಮ್ಮ ಆಜಿ ನನ್ನ ಬಿಡಲ್ಲ."

ಜಗದೇವಿ ಟೊಪ್ಪಿಗೆ ಹಾಕಿದಳು. ಬೆಂಚಿನ ಮೇಲೆ ಕೂತಿದ್ದ ರುಕ್ಮಿಣಿಬಾಯಿ, "ಈಗ ಖರೆ ಡಾಕ್ಟರ್ ಆದಿ ನೋಡು" ಎಂದರು. ಗೊಲ್ಲಾಳಪ್ಪ ಒಳಗೆ ಬರಲೇ ಇಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು.

ಮೊಗ್ಗುಗಳನ್ನು ಶುದ್ಧ ನೀರಿನಲ್ಲಿ ತೊಳೆದು ಹೊಸ ಹನಿ ಇಟ್ಟರು. ಮೊದಲ ಕಣ್ಣಿನಲ್ಲಿ ಮೇಲಿನ ಹೊಳಪು ಇರಲಿಲ್ಲ. ಪದರ ಪದರ ಇಳಿದರು. ಕೂದಲಿನ ಮಂಜು ದಾಟಿತು, ಉಳ್ಳಾಗಡ್ಡಿಯ ಸಿಪ್ಪೆಯಂಥ ಎಳೆ ಎಲೆಗಳು ದಾಟಿದವು. ಆಳದಲ್ಲಿ ಕೋಶಗಳು ಇದ್ದವು, ತುಂಬಿಕೊಂಡು, ಬದುಕಿ. ಆದರೆ ಬದಿಯಲ್ಲಿ ಎರಡು ಕವಲಾದ ಸಣ್ಣ ಕುಡಿ, ಅಷ್ಟೇ.

"ಜೀವ ಅದ, ಗೊನಿ ಇಲ್ಲ" ಎಂದಳು ಜಗದೇವಿ. ರುಕ್ಮಿಣಿಬಾಯಿ ಬೆಂಚಿನ ತುದಿಗೆ ಸರಿದರು.

ಎರಡನೆಯದು ಕಪ್ಪೇ. ಮೇಲೆ ಒಂದೂ ಚಕ್ಕೆ ಇಲ್ಲದೆ ಒಳಗೆ ಕಪ್ಪು. ಅದು ನಿಜವಾಗಿಯೇ ಸತ್ತಿತ್ತು. ರುಕ್ಮಿಣಿಬಾಯಿಯನ್ನು ಓಡಿಸಿದ್ದು ವ್ಯರ್ಥವಾಯಿತೇನೋ ಎಂದು ಜಗದೇವಿಯ ಮನಸ್ಸು ಹೊಯ್ದಾಡಿತು. ನಾಲಿಗೆಯ ಮೇಲೆ ಶಿವನ ಹೆಸರು ಆಡುತ್ತಿದ್ದಂತೆಯೇ ಮೂರನೆಯದನ್ನು ಇಟ್ಟಳು.

ಅಶ್ವಿನಿ ಮೆಲ್ಲಗೆ ಗುಂಡಿ ತಿರುಗಿಸಿದಳು. ಪದರಗಳು ಇಳಿದವು. ಇದ್ದಕ್ಕಿದ್ದಂತೆ ಬದಿಯಲ್ಲಿ ಏನೋ ಉಬ್ಬು. ಇನ್ನೊಂದು ಪದರ ಇಳಿದಾಗ ಅದು ಅಗಲವಾಯಿತು. ಹೂಕೋಸಿನ ಚೂರೊಂದನ್ನು ಸಾಸಿವೆಯಷ್ಟು ಸಣ್ಣದು ಮಾಡಿ ಇಟ್ಟಂತೆ, ಗುಂಡು ಗುಂಡು ಗಂಟುಗಳ ಮೇಲೆ ಗಂಟು. ಒಂದೊಂದು ಗಂಟಿನಲ್ಲೂ ಕೋಶಗಳ ಸಾಲು ಎಣಿಸುವಷ್ಟು ಸ್ಪಷ್ಟ.

"ಥಾಂಬಾ ಥಾಂಬಾ, ನಿಲ್ಲು ನಿಲ್ಲು" ಎಂದು ಅಶ್ವಿನಿ ತನಗೆ ತಾನೇ ಹೇಳಿಕೊಂಡಳು. "ಅಕ್ಕಾ?"

"ಗೊನಿ" ಎಂದಳು ಜಗದೇವಿ. "ಗೊನಿ ಅದ. ಕಾಕಿ, ಬರ್ರಿ ಇಲ್ಲಿ."

ರುಕ್ಮಿಣಿಬಾಯಿ ಬಂದು ಪರದೆಯ ಮುಂದೆ ಬಹಳ ಹೊತ್ತು ನಿಂತರು. "ಇದೇನ್ ಗೊನಿ? ಗೋಬಿ ಕಂಡಂಗ ಕಾಣ್ತೈತಿ."

"ಈಗ ಹಂಗ ಇರ್ತದರಿ. ಚಾಟಣಿ ಆದ ಮ್ಯಾಲ ಹೊರಗ ಬಂದು ಇಳೀತದ."

"ಖರೆ?"

"ಈ ಸಲ ಖರೆ."

ರುಕ್ಮಿಣಿಬಾಯಿ ಕಿಟಕಿಗೆ ಹೋಗಿ, ಬೇವಿನ ಮರದ ಕಡೆ ಬಾಗಿ ಕೂಗಿದರು: "ಏನ್ರೀ, ಒಳಗ ಬರ್ರಿ! ನಿಮ್ಮ ಮಗಳು ಕಂಡಾಳ!" ಅವರಿಗೆ ಮಕ್ಕಳಿಲ್ಲ ಎಂಬುದು ಜಗದೇವಿಗೆ ಆಗ ಗೊತ್ತಿರಲಿಲ್ಲ.

ಉಳಿದ ಕಣ್ಣುಗಳ ಪೈಕಿ ಇನ್ನೂ ಕೆಲವುಗಳಲ್ಲಿ ಗೊನೆ ಕಂಡಿತು, ಕೆಲವುಗಳಲ್ಲಿ ಇಲ್ಲ. ಗೊಲ್ಲಾಳಪ್ಪ ಅದೇ ವಾರ ಗೊನೆಯಿದ್ದ ಕಣ್ಣುಗಳನ್ನು, ಬಾವಿ ಹತ್ತಿರ ಚೀಲಗಳಲ್ಲಿ ಬೆಳೆಸಿದ್ದ ಬೇರು ಗಟ್ಟಿಯಿರುವ ಕಾಡು ಬಳ್ಳಿಗಳಿಗೆ ಕಸಿ ಕಟ್ಟಿದರು. ಜಗದೇವಿ ನೋಡಲು ಹೋಗಿದ್ದಳು. ಅವರು ಕಡ್ಡಿಯ ಬುಡವನ್ನು ಚೂಪಾಗಿ ಕೆತ್ತಿ ಸೀಳಿನಲ್ಲಿ ಕೂರಿಸುವಾಗ, ಸುತ್ತ ಬಿಗಿಯಲು ಪಟ್ಟಿ ಹಿಡಿದು ಕೊಡುತ್ತಿದ್ದವರು ರುಕ್ಮಿಣಿಬಾಯಿ. ಉಳಿದ ಹಳೆ ಬಳ್ಳಿಗಳನ್ನೆಲ್ಲ ಕೀಳಿಸಿದ ಜಾಗದಲ್ಲಿ ಟೊಮ್ಯಾಟೊ ಸಸಿಗಳೂ ಬಂದು ನೆಲ ಹಿಡಿದಿದ್ದವು. ಹೊಲದ ತುಂಬ ಟೊಮ್ಯಾಟೊ, ಕೊನೆಗೆ ಒಂದೇ ಒಂದು ದ್ರಾಕ್ಷಿ ಬಳ್ಳಿ, ಅದಕ್ಕೆಂದೇ ಉಳಿಸಿದ ನಾಲ್ಕು ಕಂಬ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರಂತೆ.

ದೀಪಾವಳಿ ಕಳೆದ ಮೇಲೆ ಫೋನು ಬಂತು. ತಾಯಿಬಳ್ಳಿಯ ಆ ಕೊಂಬೆಯಲ್ಲಿ ಉಳಿದಿದ್ದ ಕಡ್ಡಿಗೆ ಚಾಟಣಿ ಮಾಡಿದ್ದರು. ಚಿಗುರು ಬಂದಿತ್ತು, ಎರಡು ಚಿಗುರಿನಲ್ಲಿ ಗೊನೆ ಇಳಿದಿತ್ತು. ಜಗದೇವಿ ಅಶ್ವಿನಿಯನ್ನೂ ಕರೆದುಕೊಂಡು ಹೋದಳು. ಬೆರಳುದ್ದದ ಹಸಿರು ಗೊನೆ, ಇನ್ನೂ ಹೂವಾಗದ್ದು. ಪರದೆಯ ಮೇಲೆ ಕಪ್ಪು ಬಿಳುಪಾಗಿ ಕಂಡ ಗಂಟುಗಳನ್ನು ಜಗದೇವಿ ಅದರಲ್ಲಿ ಗುರುತು ಹಿಡಿದಳು. ಕೈ ಮುಗಿಯಬೇಕೆನಿಸಿತಂತೆ, ಮುಗಿದಳು. ಅಶ್ವಿನಿ ಫೋಟೋ ತೆಗೆದಳು.

ಹಣ್ಣು ಆಗಲು ಇನ್ನೂ ದಿನಗಳಿದ್ದವು. ಮಳೆ ಬರಬಹುದು, ರೋಗ ಬರಬಹುದು. ಆದರೂ ಗೊಲ್ಲಾಳಪ್ಪ ಆಗಲೇ ಹೆಸರಿನ ಚಿಂತೆಯಲ್ಲಿದ್ದರು. ಹೊಸ ತಳಿ ಎಂದ ಮೇಲೆ ಒಂದು ಹೆಸರು ಬೇಕಲ್ಲ.

"ರುಕ್ಮಿಣಿ ಅಂತ ಇಡ್ತೀನಿ ತಂಗಿ" ಎಂದರು.

"ಏನೂ ಬ್ಯಾಡ" ಎಂದು ರುಕ್ಮಿಣಿಬಾಯಿ ಟೊಮ್ಯಾಟೊ ಸಾಲಿನ ನಡುವಿನಿಂದಲೇ ಕೂಗಿದರು. "ಹುಳಿ ಬಂತಂದ್ರ ಬಜಾರದಾಗ ಜನ ನನ್ನ ಹೆಸರು ಹಿಡಿದು ಬೈತಾರ. ನಿಮ್ಮ ಹೆಸರು ಇಟಗೋರಿ."

"ಗೊಲ್ಲಾಳಪ್ಪ ಅಂತ ದ್ರಾಕ್ಷಿಗೆ ಯಾರ ಇಡ್ತಾರ?"

"ಅದಕ್ಕ ಅಂದೆ. ಮೊದ್ಲು ಹಣ್ಣು ಆಗಲಿ. ತಿಂದು ನೋಡಿ ಆಮ್ಯಾಲ ಹೇಳ್ತೀನಿ ನಾನು."

ಗೊಲ್ಲಾಳಪ್ಪ ನಕ್ಕು, ಗೊನೆಯ ಮೇಲೆ ಬಿದ್ದಿದ್ದ ಎಲೆಯನ್ನು ಬೆರಳ ತುದಿಯಿಂದ ಸರಿಸಿ ಬಿಸಿಲು ಬಿಟ್ಟರು.